ನೀರು ಇಳಿದ ಮೇಲೆ ಲೆಕ್ಕ ಹಾಕಿದ ಗೇಮ್‌ಗಳು

2019ರ ಆಗಸ್ಟ್ ಮಳೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಮಲಪ್ರಭಾ, ವರದಾ ತುಂಬಿ ಗದಗ, ಹಾವೇರಿಯ ಎಷ್ಟೋ ಹಳ್ಳಿಗಳು ನೀರಲ್ಲಿ ನಿಂತವು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ ಕೋಡಿ ಬಿತ್ತು. ನಾಲಾ ಪಕ್ಕದ ಮನೆಗಳಿಗೆ ನೀರು ನುಗ್ಗಿತು. ನಾವಿದ್ದದ್ದು ನಾಲಾಕ್ಕೆ ಹತ್ತಿರದ ಓಣಿಯಲ್ಲಿ, ಕೆಳಗಿನ ಬಾಡಿಗೆ ಮನೆ. ಒಳಗೆ ಬಂದ ನೀರು ಮೊಣಕಾಲು ಮುಟ್ಟಲಿಲ್ಲ. ಮನೆಯನ್ನೇ ಕಳಕೊಂಡವರ ಮುಂದೆ ನಮ್ಮದು ಏನೂ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮಂಚದ ಕೆಳಗಿನ ಡಬ್ಬಿಗಳಲ್ಲಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಇದ್ದದ್ದು ನನ್ನ ವಿಡಿಯೋ ಗೇಮ್ ಸಂಗ್ರಹ. ಚಿಕ್ಕವನಿದ್ದಾಗಿನಿಂದ ಒಂದೊಂದಾಗಿ ಕೂಡಿಟ್ಟದ್ದು.

ನೀರು ಇಳಿದ ಮೇಲೆ ಬಿಸಿಲು ಬಿದ್ದ ಮೊದಲ ದಿನ ಎಲ್ಲವನ್ನೂ ಮಾಳಿಗೆಗೆ ಹೊತ್ತೆ. ಅವ್ವ ತನ್ನ ಸೀರೆ, ಹಾಸಿಗೆ ಒಣಹಾಕುತ್ತಿದ್ದಳು. ಕ್ಯಾಸೆಟ್‌ಗಳನ್ನು ನೋಡಿ, "ಇವನ್ನೂ ತೊಳೀಬೇಕೇನೋ?" ಅಂತ ಕೇಳಿದಳು. ಹೌದು, ತೊಳೆಯಲೇಬೇಕಿತ್ತು. ನಾಲಾ ನೀರಿನಲ್ಲಿ ಮಣ್ಣು, ಸಾಬೂನು, ಉಪ್ಪು ಎಲ್ಲಾ ಇರುತ್ತದೆ. ನೀರು ಆರಿದರೂ ಅವು ಕ್ಯಾಸೆಟ್ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೇ ಕೂತಿರುತ್ತವೆ. ಸ್ವಲ್ಪ ದಿನಕ್ಕೆ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಏಳುತ್ತದೆ, ಗೆರೆ ಕಡಿದು ಹೋಗುತ್ತದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟ ಗೆಳೆಯನಿಗೆ ಫೋನ್ ಮಾಡಿದೆ. "ಅಕ್ಕಿ ಡಬ್ಬಿಯಾಗ ಇಡಬ್ಯಾಡ, ಅದೆಲ್ಲಾ ಸುಳ್ಳು. ಬ್ಯಾಟರಿ ನೀರು ತಗೊಂಡು ಬಾ. ಐಪಿಎ ನಾ ಕೊಡತೀನಿ" ಅಂದ. ಪೆಟ್ರೋಲ್ ಬಂಕಿನಲ್ಲಿ ಗಾಡಿ ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ತಂದೆ. ಮೊದಲು ನಲ್ಲಿ ನೀರು, ಆಮೇಲೆ ಬ್ಯಾಟರಿ ನೀರು, ಕೊನೆಗೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಚ್ಚಿ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕೋದು. ಇದೇ ಕ್ರಮ.

ಮೊದಲು ಬಿಚ್ಚಿದ್ದು ಹಳದಿ ಕ್ಯಾಸೆಟ್‌ಗಳನ್ನು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಇವು ಗೊತ್ತು. ಜಪಾನಿನಲ್ಲಿ 1983ರಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಗೇಮ್ ಮಷೀನು ಬಂತು. ನಮ್ಮ ಕಡೆ ಆ ಒರಿಜಿನಲ್ ಮಷೀನನ್ನು ಯಾರೂ ಕಣ್ಣಲ್ಲಿ ನೋಡಲಿಲ್ಲ. ಬಂದದ್ದು ಅದರ ನಕಲುಗಳು. ಸಮುರಾಯ್, ಲಿಟಲ್ ಮಾಸ್ಟರ್ ಅಂತೆಲ್ಲಾ ಹೆಸರು, ನಮಗೆ ಎಲ್ಲಾ ಒಂದೇ, ಟಿವಿ ಗೇಮ್. ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಬರೆದಿರುತ್ತಿತ್ತು, ಒಳಗೆ ಇದ್ದ ಗೇಮ್ ನಾಲ್ಕೋ ಐದೋ. ಅಂಗೈ ಅಗಲದ ಕ್ಯಾಸೆಟ್ ಬಿಚ್ಚಿದರೆ ಒಳಗೆ ಇರೋದು ಸಣ್ಣ ಹಸಿರು ಬೋರ್ಡು. ಅದರ ನಡುವೆ ಒಂದು ಕಪ್ಪು ಗುಳ್ಳೆ, ಗಟ್ಟಿಯಾದ ಡಾಂಬರಿನ ಹನಿಯ ಹಾಗೆ. ಚಿಪ್ ಇರೋದು ಆ ಗುಳ್ಳೆಯ ಕೆಳಗೆ. ಅಗ್ಗವಾಗಲಿ ಅಂತ ಚಿಪ್‌ಗೆ ಬೇರೆ ಕವಚ ಹಾಕದೆ ಬೋರ್ಡಿಗೇ ಅಂಟಿಸಿ, ಮೇಲೆ ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟು ಸುರಿಯುತ್ತಿದ್ದರು. ಅಗ್ಗದ ಆ ಕೆಲಸವೇ ಈಗ ಅವನ್ನು ಉಳಿಸಿತು. ನೀರು ಗುಳ್ಳೆಯೊಳಗೆ ಹೋಗಿರಲಿಲ್ಲ. ಒಣಗಿಸಿ ಆಮೇಲೆ ಹಾಕಿ ನೋಡಿದಾಗ ಹೆಚ್ಚಿನವು ಓಡಿದವು.

ಉಳಿಯದೇ ಹೋದದ್ದು ಅವುಗಳ ಲೇಬಲ್. ಧಾರವಾಡದಲ್ಲಿ, ಸುಭಾಷ್ ರೋಡಿಗೆ ಹತ್ತಿರ, ತಾಸಿನ ಲೆಕ್ಕದಲ್ಲಿ ಗೇಮ್ ಆಡಿಸುವ ಅಂಗಡಿ ಇತ್ತು. ಅಂಗಡಿ ಮುಚ್ಚುವಾಗ ಮಾಲೀಕರಿಂದ ಕೆಲವು ಕ್ಯಾಸೆಟ್ ತಗೊಂಡಿದ್ದೆ. ಒಂದೊಂದರ ಮೇಲೂ ಅಂಗಡಿಯ ನೇರಳೆ ರಬ್ಬರ್ ಸ್ಟ್ಯಾಂಪು, ಬಾಲ್ ಪೆನ್ನಿನಲ್ಲಿ ಬರೆದ ನಂಬರು. "ಕಾಂಟ್ರಾ ಚಲೋ ಐತಿ", "ಮಾರಿಯೋ ನಡಕ ನಿಲ್ಲತೈತಿ" ಅಂತ ಕನ್ನಡದಲ್ಲೇ ಬರೆದ ಸಣ್ಣ ಚೀಟಿ. ಕ್ಯಾಸೆಟ್ ನೀರಿನಿಂದ ತೆಗೆದಾಗ ಆ ಕಾಗದಗಳು ಬೆರಳಿಗೆ ಮೆತ್ತಿಕೊಂಡು ಬಂದವು. ಶಾಯಿ ಹರಡಿ ನಂಬರು ಯಾವುದು, ಸ್ಟ್ಯಾಂಪು ಯಾವುದು ತಿಳಿಯಲಿಲ್ಲ. ಕಾಂಟ್ರಾ ನನಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಧಾರವಾಡದ ಅಂಗಡಿಯವರ ಕೈಬರಹ ಇನ್ನೆಲ್ಲಿ ಸಿಗಬೇಕು?

ಮಧ್ಯಾಹ್ನ ಗೇಮ್ ಬಾಯ್ ಕ್ಯಾಸೆಟ್‌ಗಳ ಸರದಿ. ಗೇಮ್ ಬಾಯ್ ಅಂದರೆ ಕೈಯಲ್ಲೇ ಹಿಡಿದು ಆಡುವ ನಿಂಟೆಂಡೊ ಮಷೀನು. ಇವು ಒರಿಜಿನಲ್. 2004ರ ಸುಮಾರಿಗೆ ಸೋದರಮಾವ ದುಬೈನಿಂದ ತಂದುಕೊಟ್ಟದ್ದು. ಇದಕ್ಕೆ ಸಾದಾ ಸ್ಕ್ರೂಡ್ರೈವರ್ ಹತ್ತೋದಿಲ್ಲ, 3.8 ಮಿಲಿಮೀಟರಿನ ಬೇರೆ ಬಿಟ್ ಬೇಕು. ಬಿಚ್ಚಿದರೆ ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬ್ಯಾಟರಿ ಇರುತ್ತದೆ. ನಾವು ಆಡಿ ಉಳಿಸಿದ್ದೆಲ್ಲಾ ಒಂದು ಚಿಪ್‌ನಲ್ಲಿ ಇರುತ್ತದೆ, ಆ ಚಿಪ್‌ಗೆ ಹಗಲೂ ರಾತ್ರಿ ಸ್ವಲ್ಪ ಕರೆಂಟು ಸಿಗುತ್ತಲೇ ಇರಬೇಕು. ಬ್ಯಾಟರಿ ಸತ್ತರೆ ನೆನಪೂ ಹೋಯಿತು. ಪೊಕೆಮಾನ್ ಗೋಲ್ಡ್‌ನಲ್ಲಿ ಗಡಿಯಾರ ಬೇರೆ ಓಡುತ್ತದೆ, ಹಗಲಾದರೆ ಗೇಮ್‌ನಲ್ಲೂ ಹಗಲು. ಅದಕ್ಕೆ ಅದರ ಬ್ಯಾಟರಿ ಬೇಗ ಮುಗಿಯುತ್ತದೆ. ನಮ್ಮದು ಅಲ್ಲಿಯವರೆಗೆ ತಡೆದಿತ್ತು.

ಅದರಲ್ಲಿ ಇದ್ದದ್ದು ನನ್ನ ಆಟ ಅಲ್ಲ, ತಮ್ಮನದು. ಅವನು ಏಳನೇ ಕ್ಲಾಸಿನಲ್ಲಿದ್ದಾಗ ಆಡಿದ್ದು. ಆಟದಲ್ಲಿ ಸಾಕಿ ಬೆಳೆಸುವ ಪ್ರಾಣಿಗಳಲ್ಲಿ ಒಂದಾದ ತನ್ನ ಟೈಫ್ಲೋಶನ್‌ಗೆ ಇಂಗ್ಲಿಷ್ ಅಕ್ಷರದಲ್ಲೇ "ಬಸ್ಯಾ" ಅಂತ ಹೆಸರಿಟ್ಟಿದ್ದ. ನಮ್ಮ ಓಣಿಯಲ್ಲಿ ಯಾರಿಗೂ ಹೆದರದ ಒಂದು ಹೋರಿ ಇತ್ತು, ಅದರ ಹೆಸರು. ಈಗ ಪುಣೆಯಲ್ಲಿದ್ದಾನೆ. ಹಬ್ಬಕ್ಕೆ ಬಂದಾಗಲೆಲ್ಲಾ ಮೊದಲು ಅದನ್ನು ಹಚ್ಚಿ, ಬಸ್ಯಾ ಇದ್ದಾನಾ ಅಂತ ನೋಡಿ, ಮತ್ತೆ ಆಫ್ ಮಾಡಿ ಇಡುತ್ತಿದ್ದ.

ಬೋರ್ಡು ತೊಳೆದು, ಒಣಗಿಸಿ, ಕ್ಯಾಸೆಟ್ ಹಾಕಿ ಸ್ವಿಚ್ ಒತ್ತಿದೆ. ಗೇಮ್ ಬಂತು. ಬಣ್ಣ, ಸಂಗೀತ ಎಲ್ಲಾ ಸರಿ ಇತ್ತು. ಆದರೆ ಮೆನುವಿನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದ "ಕಂಟಿನ್ಯೂ" ಇರಲಿಲ್ಲ. "ನ್ಯೂ ಗೇಮ್" ಇತ್ತು. ಒದ್ದೆ ಬೋರ್ಡಿನಲ್ಲಿ ಬ್ಯಾಟರಿ ಶಾರ್ಟ್ ಆಗಿ ಖಾಲಿಯಾಗಿತ್ತು. ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅವ್ವ ಅರಾಮ ಇದ್ದಾಳಲ್ಲಾ, ಸಾಕು ಬಿಡು" ಅಂದ. ಅವನು ಹೇಳಿದ್ದು ಸರಿ. ಆದರೂ ನನಗೆ ಇವತ್ತಿಗೂ ಅದು ಹೊಟ್ಟೆಯಲ್ಲಿ ಚುಚ್ಚುತ್ತದೆ.

ಡಬ್ಬಾ ಟಿವಿ ನೆಲದ ಮೇಲಿನ ಸ್ಟೂಲಿನಲ್ಲಿತ್ತು, ಅದಕ್ಕೂ ನೀರು ತಾಗಿತ್ತು. ಹಳೇ ಗೇಮ್ ಇಟ್ಟುಕೊಳ್ಳುವವರಿಗೆ ಆ ಟಿವಿ ಯಾಕೆ ಬೇಕು ಅಂತ ಬಹಳ ಮಂದಿಗೆ ಗೊತ್ತಿಲ್ಲ. ಬಾತುಕೋಳಿ ಹೊಡೆಯುವ ಗೇಮ್ ನೆನಪಿದೆ ಅಲ್ವಾ, ಡಕ್ ಹಂಟ್? ಬಂದೂಕಿನ ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನಿಂದ ಏನೂ ಹೊರಗೆ ಹೋಗೋದಿಲ್ಲ. ಅದರ ನಳಿಗೆಯೊಳಗಿನ ಸೆನ್ಸರ್ ಆ ಬಿಳಿಯನ್ನು ನೋಡಿದರೆ ಗುರಿ ಹತ್ತಿತು ಅಂತ ಲೆಕ್ಕ. ಎಲ್ಇಡಿ ಟಿವಿ ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುತ್ತದೆ. ನಮ್ಮ ಕಣ್ಣಿಗೆ ತಿಳಿಯೋದಿಲ್ಲ, ಆದರೆ ಆ ತಡಕ್ಕೇ ಬಂದೂಕು ಕುರುಡಾಗುತ್ತದೆ. ಟ್ಯೂಬ್ ಟಿವಿ ಇಲ್ಲದಿದ್ದರೆ ಬಂದೂಕು ಬರೀ ಪ್ಲಾಸ್ಟಿಕ್.

ಕೊಪ್ಪಿಕರ್ ರೋಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಟಿವಿಯನ್ನು ಆಟೋದಲ್ಲಿ ಹಾಕಿಕೊಂಡು ಹೋದೆ. ಹಿಂದಿನ ಕವರ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, "ಎಲ್‌ಓಟಿ ಹೋಗೇದ್ರಿ. ಟ್ಯೂಬಿನ ಕುತ್ತಿಗಿ ಹಂತೇಕನೂ ಸಣ್ಣ ಬಿರುಕ ಐತಿ, ಗಾಳಿ ಹೊಕ್ಕೇತಿ" ಅಂದರು. ಎಲ್‌ಓಟಿ ಅಂದರೆ ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಅದು ಹುಡುಕಿದರೆ ಸಿಗಬಹುದು, ಪಿಕ್ಚರ್ ಟ್ಯೂಬ್ ಎಲ್ಲಿಂದ ತರೋದು? ಹಳೇ ಟಿವಿ ಗುಜರಿಗೆ ಹೋಗೋದನ್ನು ದಿನಾ ನೋಡುವವರು ಅವರು. ಆದರೂ ರೊಕ್ಕ ತಗೊಳ್ಳಲಿಲ್ಲ. "ಎಲ್ಲೆರೆ ಚಲೋ ಟ್ಯೂಬ್ ಬಂತಂದ್ರ ನಿಮಗ ತೆಗದ ಇಡತೀನ್ರಿ" ಅಂತ ನಂಬರ್ ಬರೆದುಕೊಂಡರು.

ಪ್ಲೇಸ್ಟೇಷನ್ 2 ಡಿಸ್ಕ್‌ಗಳ ಕಥೆ ಬೇರೆ. ಪ್ರಪಂಚದಲ್ಲಿ 15 ಕೋಟಿಗೂ ಜಾಸ್ತಿ ಮಾರಾಟವಾದ ಮಷೀನು ಅದು, ಅದರ ಹೆಸರಾಂತ ಗೇಮ್‌ಗಳು ಹೋದರೆ ಮತ್ತೆ ಕೊಳ್ಳಬಹುದು. ನನ್ನ ಚಿಂತೆ ಇದ್ದದ್ದು ನಮ್ಮ ದೇಶದಲ್ಲೇ ಮಾಡಿದ ಕೆಲವೇ ಗೇಮ್‌ಗಳ ಬಗ್ಗೆ. 2009ರಲ್ಲಿ ಹೈದರಾಬಾದಿನವರು ಮಾಡಿದ "ಹನುಮಾನ್: ಬಾಯ್ ವಾರಿಯರ್" ಬಂತು. ಅದೇ ವರ್ಷ "ದೇಸಿ ಅಡ್ಡಾ" ಬಂತು, ಅದರಲ್ಲಿ ಕಬಡ್ಡಿ, ಗಾಳಿಪಟ, ನಾವು ಚಿಣಿಪಣಿ ಅನ್ನುವ ಗಿಲ್ಲಿ ದಾಂಡು. ಮರುವರ್ಷ ಗಲ್ಲಿ ಕ್ರಿಕೆಟ್ ಗೇಮ್. ಆಟ ಬಹಳ ಚೆನ್ನಾಗಿದ್ದವು ಅಂತ ಹೇಳಲಾರೆ. ಆದರೆ ಚಿಣಿಪಣಿಯನ್ನು ಟಿವಿಯಲ್ಲಿ ಆಡಿದ್ದು ನಮ್ಮ ಪಾಲಿಗೆ ದೊಡ್ಡ ಸಂಗತಿ. ಅವನ್ನು ಜಾಸ್ತಿ ಜನ ಕೊಳ್ಳಲಿಲ್ಲ. ಕೊಂಡವರೂ ಮಕ್ಕಳು ದೊಡ್ಡವರಾದ ಮೇಲೆ ಎಸೆದರು.

ಡಿಸ್ಕ್‌ಗೆ ಏನೂ ಆಗಲಿಲ್ಲ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದರೆ ಸಾಕು, ಸುತ್ತ ತಿರುಗಿಸಿ ಒರೆಸಬಾರದು. ಹೋದದ್ದು ಮ್ಯಾನುಯಲ್. ಹೊಳಪಿನ ಕಾಗದ ಒದ್ದೆಯಾಗಿ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ. ದೇಸಿ ಅಡ್ಡಾದ ಮ್ಯಾನುಯಲ್ ಬಿಡಿಸಲು ಹೋದರೆ ಮೇಲಿನ ಪುಟದ ಅಕ್ಷರವೆಲ್ಲಾ ಕೆಳಗಿನ ಪುಟಕ್ಕೆ ಹತ್ತಿತು. ಡಿಸ್ಕ್‌ನ ನಕಲು ಎಲ್ಲೋ ಯಾರೋ ಮಾಡಿಟ್ಟಿರುತ್ತಾರೆ. ಆ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟವರು ನನಗೆ ಇದುವರೆಗೆ ಸಿಕ್ಕಿಲ್ಲ.

ಗೆಳೆಯರು ಸಮಾಧಾನ ಮಾಡುತ್ತಾರೆ. "ಎಲ್ಲಾ ಫೋನಿನ್ಯಾಗ ಸಿಗತಾವಲ್ಲೋ, ಡೌನ್‌ಲೋಡ್ ಮಾಡಿದ್ರ ಮುಗೀತು." ಇದು ಅರ್ಧ ಮಾತ್ರ ನಿಜ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಮಾಡಿತು. 2010ಕ್ಕಿಂತ ಮೊದಲು ಅಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ನೂರಕ್ಕೆ 87 ಅಂಗಡಿಯಲ್ಲಾಗಲಿ ಆನ್‌ಲೈನ್ ಸ್ಟೋರಿನಲ್ಲಾಗಲಿ ಹೊಸದಾಗಿ ಕೊಳ್ಳೋಕೆ ಸಿಗೋದಿಲ್ಲ ಅಂತ ಅದು ಹೇಳಿತು. ಅದೇ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಮಷೀನುಗಳ ಆನ್‌ಲೈನ್ ಸ್ಟೋರ್ ಮುಚ್ಚಿತು. ಅಲ್ಲಿ ಮಾತ್ರ ಮಾರುತ್ತಿದ್ದ ಗೇಮ್‌ಗಳನ್ನು ಇನ್ನು ಕೊಳ್ಳೋಕೆ ದಾರಿ ಇಲ್ಲ. ಅಷ್ಟು ದೊಡ್ಡ ಮಾರುಕಟ್ಟೆ ಇರುವ ಕಡೆಯೇ ಹೀಗೆ. ಅಲ್ಲಿ ಏನೇನು ಹೋಯಿತು ಅಂತ ಪಟ್ಟಿ ಮಾಡುವವರಾದರೂ ಇದ್ದಾರೆ. ನಮ್ಮಲ್ಲಿ ಯಾವ ನಕಲು ಮಷೀನು ಯಾವ ಊರಿಗೆ ಬಂತು, ಯಾವ ಕ್ಯಾಸೆಟ್‌ನಲ್ಲಿ ಏನಿತ್ತು, ಹುಡುಗರು ಏನು ಕೊಟ್ಟು ಆಡಿದರು, ಇದನ್ನು ಬರೆದಿಟ್ಟವರು ಯಾರು? ಹುಬ್ಬಳ್ಳಿಯ ಮಂಚದ ಕೆಳಗೆ ಹಾಳಾದದ್ದು ಬೇರೆ ಎಲ್ಲೂ ದಾಖಲಾಗಿಲ್ಲ. ನನಗೆ ಸಂಕಟ ಇರೋದು ಇದಕ್ಕೇ.

ಹೋದದ್ದನ್ನು ಮತ್ತೆ ಕೂಡಿಸಲು ಹೋದಾಗಲೂ ಪೆಟ್ಟು ಬಿತ್ತು. ಪೊಕೆಮಾನ್ ಎಮರಾಲ್ಡ್ ಒರಿಜಿನಲ್ ಅಂತ ಆನ್‌ಲೈನಿನಲ್ಲಿ ಒಬ್ಬರಿಂದ ತರಿಸಿದೆ. ಕ್ಯಾಸೆಟ್ ಬಾಯಿಯೊಳಗೆ, ಚಿನ್ನದ ಬಣ್ಣದ ಪಟ್ಟಿಗಳ ಮೇಲ್ಗಡೆ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಇರಬೇಕು. ಅಲ್ಲಿ ಖಾಲಿ. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ.

ಈಗ ನಾನು ಹುಡುಕುವುದೇ ಬೇರೆ. ಗೇಮ್‌ಗಿಂತ ಜಾಸ್ತಿ ಕಾಗದ ಹುಡುಕುತ್ತೇನೆ. ಅಂಗಡಿ ಬಿಲ್ಲು, ಲೇಬಲ್, ಬಾಡಿಗೆ ಪಟ್ಟಿ. ಈ ವರ್ಷ ಗದಗ ಬೆಟಗೇರಿಯಲ್ಲಿ ಒಬ್ಬರು ಹಿರಿಯರ ವಿಳಾಸ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಗೇಮ್ ಅಂಗಡಿ ನಡೆಸಿದವರು. ದಿನದ ಲೆಕ್ಕಕ್ಕೆ ಉದ್ದನೆಯ ಕೆಂಪು ರಟ್ಟಿನ ವಹಿ ಇಟ್ಟಿದ್ದರಂತೆ. ಬಸ್ ಹಿಡಿದು ಹೋದೆ.

"ವಹಿ ಇತ್ತು ತಮ್ಮಾ. ಹ್ವಾದ ದೀಪಾವಳಿಗೆ ಮನಿ ಸ್ವಚ್ಛ ಮಾಡುಮುಂದ ರದ್ದಿಗೆ ಹಾಕಿದ್ವಿ. ಅದನ್ನ ಕೇಳಕೊಂತ ಯಾರರ ಬರತಾರಂತ ನನಗೇನ ಗೊತ್ತು?"

ನಾನು ಏನೂ ಮಾತಾಡಲಿಲ್ಲ. ಅವರಿಗೆ ನನ್ನ ಮುಖ ನೋಡಿ ಕೆಟ್ಟದೆನಿಸಿರಬೇಕು. ಚಹಾ ತರಿಸಿದರು. "ಕೇಳು, ನೆನಪಿದ್ದಷ್ಟು ಹೇಳತೀನಿ, ನೀ ಬರಕೋ" ಅಂದರು. ಗೋಡೆಗೆ ಆನಿಸಿ ಸಾಲಾಗಿ ಟಿವಿ ಇಟ್ಟಿದ್ದರಂತೆ. ಆಗ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳೋಕಾಗುತ್ತಿರಲಿಲ್ಲ. ಆಟದ ನಡುವೆ ಹೋದರೆ ಹುಡುಗರ ರೊಕ್ಕ ಮುಳುಗಬಾರದು ಅಂತ, ಯಾರದು ಎಷ್ಟು ನಿಮಿಷ ಉಳಿಯಿತು ಅಂತ ವಹಿಯಲ್ಲಿ ಹೆಸರಿನ ಮುಂದೆ ಬರೆದಿಡುತ್ತಿದ್ದರು. ಹುಡುಗ ಮುಂದಿನ ವಾರ ಬಂದರೂ ಆ ನಿಮಿಷ ಅವನಿಗೆ ಸಿಗುತ್ತಿತ್ತು. "ಒಬ್ಬನದು ಹನ್ನೊಂದು ನಿಮಿಷ ಉಳದಿತ್ತು ನೋಡು. ಅವರಪ್ಪಗ ವರ್ಗಾ ಆತು, ಹಾವೇರಿಗೆ ಹ್ವಾದ್ರು. ಅದನ್ನ ನಾ ಕಡೀತನಕ ಹೊಡದ ಹಾಕಲಿಲ್ಲ" ಅಂದರು.

ಸಂಜೆವರೆಗೆ ಕೂತು ಎಲ್ಲಾ ಬರೆದುಕೊಂಡೆ. ಅಂಗಡಿ ಬಾಗಿಲಿಗೆ ಹಾಕಿದ್ದ ದರದ ಬೋರ್ಡು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರಬಹುದಂತೆ. ಅವರಿಗೆ ಏಣಿ ಹತ್ತೋಕೆ ಆಗೋದಿಲ್ಲ. ಮಗ ಬೆಳಗಾವಿಯಿಂದ ಬಂದಾಗ ಇಳಿಸಿ ನೋಡಿ ಫೋನ್ ಮಾಡುತ್ತೇನೆ ಅಂದಿದ್ದಾರೆ.