ಪ್ರಾಗ್‌ನಲ್ಲಿ ಎರಡೆರಡು ನಂಬರ್ ಇರೋ ಮನೆಗಳು

ಪ್ರಾಗ್ ಊರಿನ ಮೊದಲ್ನೇ ಫೋಟೋ ಅಂತ ನನ್ನ ಕ್ಯಾಮೆರಾದಲ್ಲಿ ಇರೋದು ಕೋಟೆದೂ ಅಲ್ಲ ಸೇತುವೆದೂ ಅಲ್ಲ, ಯಾರದ್ದೋ ಮನೆ ಬಾಗಿಲ ಪಕ್ಕ ಗೋಡೆಗೆ ಹೊಡೆದಿರೋ ಎರಡು ನಂಬರ್ ಪ್ಲೇಟು. ಒಂದು ಕೆಂಪು, ಒಂದು ನೀಲಿ. ರಾತ್ರಿ ಹತ್ತೂವರೆಗೆ ತೆಗ್ದಿದ್ದು, ಸಿಟ್ಟಲ್ಲಿ ತೆಗ್ದಿದ್ದು, ಅದಕ್ಕೇ ಸ್ವಲ್ಪ ಶೇಕ್ ಆಗಿದೆ.

ಆಗಿದ್ದೇನಪ್ಪಾ ಅಂದ್ರೆ, ನಾನೂ ಅಕ್ಕನೂ ಮಾಲಾ ಸ್ಟ್ರಾನಾದಲ್ಲಿ, ಅಂದ್ರೆ ನದಿ ಆಚೆಗೆ ಕೋಟೆ ಬುಡದಲ್ಲಿರೋ ಹಳೇ ಪೇಟೆಲಿ, ಟ್ರ್ಯಾಮ್ ಇಳಿದು ರೂಮು ಹುಡುಕ್ತಾ ಹೊರಟ್ವಿ. ರೂಮಿನವರು ಕಳ್ಸಿದ್ದ ಮೆಸೇಜಲ್ಲಿ ಬೀದಿ ಹೆಸರು, ಒಂದು ಮೂರಂಕಿ ನಂಬರು, ಅಷ್ಟೇ. ಬೀದಿ ಸಿಕ್ತು, ನಂಬರ್ ಸಿಗ್ಲಿಲ್ಲ. ನೀಲಿ ಪ್ಲೇಟ್ ನೋಡ್ಕೊಂಡು ಹೋದ್ರೆ ಇಪ್ಪತ್ತಕ್ಕೇ ಬೀದಿ ಮುಗೀತು. ಕೆಳಗೆ ಕಾಲಡಿಲಿ ಕಲ್ಲುಗಳು, ಅದಕ್ಕೆ ಅಲ್ಲಿಯವರು ಬೆಕ್ಕಿನ ತಲೆ ಅಂತಾರಂತೆ, ಉಬ್ಬುಬ್ಬಾಗಿ ಇರುತ್ವೆ ನೋಡಿ ಅದಕ್ಕೆ. ಆ ಬೆಕ್ಕಿನ ತಲೆಗಳ ಮೇಲೆ ಅಕ್ಕನ ಸೂಟ್‌ಕೇಸು ಟಕಟಕಟಕ ಅಂತ ಇಡೀ ಬೀದಿ ಎಬ್ಬಿಸೋ ಹಾಗೆ ಸದ್ದು ಮಾಡ್ತಾ ಬಂತು, ಮೂರನೇ ರೌಂಡಲ್ಲಿ ಒಂದು ಚಕ್ರ ಕಲ್ಲಿನ ಸಂದೀಲಿ ಸಿಕ್ಕೊಂಡು ಕಿತ್ಕೊಂಡೇ ಬಂತು. "ಫೋಟೋ ಆಮೇಲೆ ತೆಗಿಯೋನಂತೆ, ಮೊದ್ಲು ಮನೆ ಹುಡುಕೋ" ಅಂದ್ಲು. ಕೊನೆಗೆ ಹುಡುಕಿದ್ದೂ ಅವಳೇ. ಕಳ್ಸಿದ್ದು ಕೆಂಪು ನಂಬರು!

ಇದರ ಕತೆ ಆಮೇಲೆ ಓದ್ಕೊಂಡೆ. ಕೆಂಪು ನಂಬರು ಶುರುವಾಗಿದ್ದು 1770ರಲ್ಲಿ, ಮರಿಯಾ ತೆರೇಸಾ ರಾಣಿ ಕಾಲದಲ್ಲಿ, ಸೈನ್ಯಕ್ಕೆ ಜನ ಸೇರಿಸೋಕೆ ಯಾವ ಮನೇಲಿ ಯಾರಿದಾರೆ ಅಂತ ಲೆಕ್ಕ ಬೇಕಾಗಿತ್ತು. ಅದು ಬೀದಿ ಪ್ರಕಾರ ಅಲ್ಲ, ಇಡೀ ಪೇಟೆಗೆ ಒಂದೇ ಪಟ್ಟಿ, ಹಾಗಾಗಿ ಅಕ್ಕಪಕ್ಕದ ಮನೆ ನಂಬರುಗಳಿಗೆ ಒಂದಕ್ಕೊಂದು ಸಂಬಂಧ ಇರಲೇಬೇಕು ಅಂತೇನಿಲ್ಲ. ನೀಲಿದು ಆಮೇಲೆ ಬಂದಿದ್ದು, ಅದು ಬೀದಿ ಪ್ರಕಾರ, ನಾವು ನೀವು ಹುಡುಕೋಕೆ. ಅಡ್ರೆಸ್ ಪೂರ್ತಿ ಬರೆದ್ರೆ ಮೊದಲು ಕೆಂಪು, ಗೆರೆ ಹಾಕಿ ಆಮೇಲೆ ನೀಲಿ. ನಮಗೆ ಗೆರೆಯಿಂದಾಚೆದು ಬಂದೇ ಇರ್ಲಿಲ್ಲ.

ಮಾರನೇ ದಿನ ಬೆಳಗ್ಗೆ ಆರಕ್ಕೆ ಎದ್ದು ಚಾರ್ಲ್ಸ್ ಸೇತುವೆಗೆ ಓಡಿದ್ದು, ಅಕ್ಟೋಬರ್ ಮಧ್ಯ, ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ. ನಾಲ್ಕನೇ ಚಾರ್ಲ್ಸ್ ರಾಜ 1357ರಲ್ಲಿ ಶುರು ಮಾಡಿಸಿದ್ದು ಇದು, 516 ಮೀಟರ್ ಉದ್ದ, ಎರಡೂ ಕಡೆ ಸೇರಿ 30 ವಿಗ್ರಹ. ಖಾಲಿ ಇರುತ್ತೆ ಅಂದ್ಕೊಂಡಿದ್ದೆ. ಎಲ್ಲಿಂದ ಖಾಲಿ! ನನ್ನ ಥರದೋರು ಹತ್ತು ಜನ ಟ್ರೈಪಾಡ್ ಊರಿ ನಿಂತಿದ್ರು, ಮೂರು ಮದುವೆ ಜೋಡಿ ಬೇರೆ. ಅದ್ರಲ್ಲೊಬ್ಬ ಮದುಮಗಳು ಬಿಳೀ ಗೌನಿನ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ್ಲು, ಫೋಟೋಗ್ರಾಫರ್ ರೆಡಿ ಅಂದಾಗ ಗೌನು ಇಳಿಬಿಡೋದು, ಮುಗಿದ ತಕ್ಷಣ ಎರಡೂ ಕೈಲಿ ಎತ್ಕೊಂಡು ಮುಂದಿನ ವಿಗ್ರಹದ ಹತ್ರ ಓಡೋದು. ಸೇತುವೆ ಮೇಲೆ ನಾನು ತೆಗೆದ ಒಳ್ಳೇ ಫೋಟೋ ಅಂದ್ರೆ ಆ ಓಟ.

ಹೋಗೋರಿಗೆ ಒಂದು ಮಾತು, ಬೆಳಕಿನ ಲೆಕ್ಕ. ಸೇತುವೆ ಹೆಚ್ಚೂಕಮ್ಮಿ ಪೂರ್ವ ಪಶ್ಚಿಮವಾಗಿದೆ, ಹಳೇ ಪಟ್ಟಣ ಪೂರ್ವಕ್ಕೆ, ಕೋಟೆ ಪಶ್ಚಿಮಕ್ಕೆ. ಅಂದ್ರೆ ಬೆಳಗ್ಗೆ ಹಳೇ ಪಟ್ಟಣದ ಕಡೆ ತಿರುಗಿದ್ರೆ ಗೋಪುರ, ವಿಗ್ರಹ ಎಲ್ಲಾ ಕಪ್ಪು ನೆರಳು ಹಿಂದೆ ಕೇಸರಿ ಆಕಾಶ, ಹಿಂದಕ್ಕೆ ತಿರುಗಿದ್ರೆ ಕೋಟೆ ಮೇಲೆ ನೇರ ಬಿಸಿಲು. ಸಾಯಂಕಾಲ ಇದೇ ಉಲ್ಟಾ. ಕೋಟೆ ಹಿಂದೆ ಸೂರ್ಯ ಮುಳುಗೋ ಹೊತ್ತಲ್ಲಿ ಕೋಟೆಯ ಡೀಟೇಲ್ ಬೇಕು ಅಂತ ಒದ್ದಾಡಬೇಡಿ, ಸಿಗಲ್ಲ, ನಾನು ನಲವತ್ತು ಫ್ರೇಮ್ ಒದ್ದಾಡಿ ಎಲ್ಲಾ ಡಿಲೀಟ್ ಮಾಡಿದೀನಿ. ವಿಗ್ರಹಗಳೂ ಈಗ ಅಲ್ಲಿರೋದು ಹೆಚ್ಚಿನವು ನಕಲು, ಅಸಲಿ ಮರಳುಗಲ್ಲಿನವನ್ನ ಮ್ಯೂಸಿಯಂನವರು ಒಳಗಿಟ್ಟು ಕಾಪಾಡ್ತಿದಾರೆ. ನೆಪೊಮುಕ್‌ನ ಜಾನ್ ಅನ್ನೋ ಸಂತನ ಕಂಚಿನ ವಿಗ್ರಹದ ಕೆಳಗೊಂದು ಫಲಕ ಇದೆ, 1393ರಲ್ಲಿ ರಾಜ ಅವನನ್ನ ಇದೇ ನದಿಗೆ ಎಸೆಸಿದ್ದ. ಮುಟ್ಟಿದ್ರೆ ಒಳ್ಳೇದಾಗುತ್ತೆ ಅಂತ ಎಲ್ಲಾ ಮುಟ್ಟಿ ಮುಟ್ಟಿ ಅಲ್ಲಿ ಮಾತ್ರ ಚಿನ್ನದ ಥರ ಹೊಳೀತಿದೆ. ಅಕ್ಕನೂ ಕ್ಯೂನಲ್ಲಿ ನಿಂತು ಮುಟ್ಟಿ ಬಂದ್ಲು. ಏನ್ ಕೇಳ್ಕೊಂಡೆ ಅಂದ್ರೆ ಸೂಟ್‌ಕೇಸ್ ಚಕ್ರ ಅಂದ್ಲು.

ಹಳೇ ಪಟ್ಟಣದ ಚೌಕಕ್ಕೆ ಹೋದ್ವಿ, 1410ರ ಖಗೋಳ ಗಡಿಯಾರ ನೋಡಿದ್ವಿ, ಗಂಟೆ ಹೊಡೆಯುವಾಗ ಅಸ್ಥಿಪಂಜರ ಹಗ್ಗ ಎಳೆಯುತ್ತೆ, ಮೇಲೆ ಕಿಟಕೀಲಿ ಏಸುವಿನ ಶಿಷ್ಯರು ಒಬ್ಬೊಬ್ರಾಗಿ ಬಂದು ಹೋಗ್ತಾರೆ. ನನಗೆ ಸಿಕ್ಕಿದ್ದು ಮುನ್ನೂರು ಮೊಬೈಲು ಎತ್ತಿರೋ ಕೈಗಳು. ಆ ಗಡಿಯಾರ ಇರೋ ಪುರಭವನದ ಪಕ್ಕ ನೆಲದಲ್ಲಿ ಬಿಳೀ ಕಲ್ಲಿನಿಂದ ಮಾಡಿದ 27 ಶಿಲುಬೆ ಇವೆ, 1621ರ ಜೂನ್‌ನಲ್ಲಿ ಚಕ್ರವರ್ತಿ ವಿರುದ್ಧ ಎದ್ದಿದ್ದ 27 ಜನರನ್ನ ಅಲ್ಲೇ ಕೊಂದಿದ್ದು. ಗಡಿಯಾರ ನೋಡೋಕೆ ಜಾಗ ಹುಡುಕ್ತಾ ಅದರ ಮೇಲೇ ಎಲ್ಲಾ ಓಡಾಡ್ತಿದ್ರು. ನಾನೂ ಎರಡು ಸಲ ತುಳಿದಿದ್ದೆ ಅಂತ ಆಮೇಲೆ ಗೊತ್ತಾಯ್ತು.

ಕೋಟೆ ಒಳಗಿನ ಸಂತ ವಿಟಸ್ ಚರ್ಚ್ 1344ರಲ್ಲಿ ಶುರುವಾಗಿ ಮುಗಿದಿದ್ದು 1929ರಲ್ಲಿ. ಮುಂಭಾಗ ಪೂರ್ತಿ ಫ್ರೇಮಿಗೆ ತರೋಕೆ ಹಿಂದೆ ಹಿಂದೆ ಹೋದ್ರೆ ಬೆನ್ನಿಗೆ ಗೋಡೆ ಬಂತು, ಅಷ್ಟೇ ಜಾಗ. ಹೆಗಲು ನೋವು ಅಂತ ಬ್ಯಾಗ್ ಕೆಳಗಿಟ್ಟು ಅಲ್ಲೇ ಕೂತೆ. ಆಮೇಲೆ ನೆನಪಾಗಿ ನಾಚಿಕೆ ಆಯ್ತು, ಈ ಚರ್ಚಿನ ಕೊನೇ ಹಂತದ ಕೆಲಸ ನಡೀವಾಗ 1920ರ ದಶಕದಲ್ಲಿ ಅದರೊಳಗೆ ಫೋಟೋ ತೆಗೆದವನು ಯೋಸೆಫ್ ಸುಡೆಕ್. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳ್ಕೊಂಡಿದ್ದ ಮನುಷ್ಯ, ಮರದ ದೊಡ್ಡ ಕ್ಯಾಮೆರಾ, ಸ್ಟ್ಯಾಂಡು ಹೊತ್ಕೊಂಡು ಜೀವನ ಪೂರ್ತಿ ಇದೇ ಬೀದಿಗಳಲ್ಲಿ ಸುತ್ತಿದಾನೆ. ಧೂಳಿನಲ್ಲಿ ಬಿಸಿಲಿನ ಕೋಲು ಇಳಿದು, ಕೆಳಗೆ ಕಟ್ಟಡದ ಸಾಮಾನು ಬಿದ್ದಿರೋ ಚಿತ್ರಗಳವು. ನನ್ನ ಬ್ಯಾಗು ಮೂರು ಕೆಜಿನೂ ಇಲ್ಲ.

ಇಳಿಯೋವಾಗ ನೆರುಡೋವಾ ಅನ್ನೋ ಇಳಿಜಾರು ಬೀದಿ ಹಿಡಿದ್ವಿ. ಇಲ್ಲಿ ಕಣ್ಣು ಬಿಟ್ಟಿದ್ದು ಅಕ್ಕ. "ಏ ನೋಡೋ, ಬಾಗಿಲ ಮೇಲೆ ಪಿಟೀಲು ಇದೆ." ಮೂರು ಪಿಟೀಲು, ಸಣ್ಣ ಚೌಕಟ್ಟಿನೊಳಗೆ. ಪಿಟೀಲು ಮಾಡೋರ ಕುಟುಂಬ ಇದ್ದ ಮನೆಯಂತೆ. ಆಮೇಲೆ ನೋಡ್ತಾ ಹೋದ್ರೆ ಚಿನ್ನದ ಕೀಲಿಕೈ, ಕೆಂಪು ಸಿಂಹ, ಬಿಳೀ ಹಂಸ. 1770ಕ್ಕೆ ಮುಂಚೆ ಮನೆಗಳಿಗೆ ನಂಬರೇ ಇರ್ಲಿಲ್ಲವಲ್ಲ, ಇವೇ ಅಡ್ರೆಸ್ಸು! ಕೀಲಿಕೈ ಮನೆ ಎದುರು ಬನ್ನಿ ಅಂದ್ರೆ ಮುಗೀತು, ಕೆಂಪು ನೀಲಿ ರಗಳೆ ಇಲ್ಲ. ಎರಡು ಸೂರ್ಯರ ಮನೆ ಅಂತ ಒಂದಿದೆ, ನೀಲಿ ನಂಬರ್ 47, ಬೀದಿಗೆ ಯಾರ ಹೆಸರಿದೆಯೋ ಆ ಲೇಖಕ ಯಾನ್ ನೆರುಡಾ ಇದ್ದಿದ್ದು ಅಲ್ಲಿ.

ಇವನ್ನ ಫೋಟೋ ತೆಗೆಯೋದು ಕಾಣೋಷ್ಟು ಸುಲಭ ಅಲ್ಲ ಮಾರಾಯ್ರೆ. ಬೀದಿ ಇಕ್ಕಟ್ಟು, ಚಿಹ್ನೆ ಇರೋದು ಬಾಗಿಲಿಗಿಂತ ಮೇಲೆ, ಕೆಳಗೆ ನಿಂತು ಕ್ಯಾಮೆರಾ ಮೇಲಕ್ಕೆತ್ತಿದ್ರೆ ಮನೆ ಹಿಂದಕ್ಕೆ ಬೀಳ್ತಾ ಇರೋ ಹಾಗೆ ಬರುತ್ತೆ. ವೈಡ್ ಲೆನ್ಸ್ ಒಳಗಿಟ್ಟು ಝೂಮ್ ಹಾಕಿ, ಎದುರು ಫುಟ್‌ಪಾತಿಗೆ ಹೋಗಿ, ಅದೂ ಇಳಿಜಾರಿನಲ್ಲಿ ಸ್ವಲ್ಪ ಮೇಲ್ಗಡೆ ನಿಂತ್ಕೊಂಡ್ರೆ ಒಂದಷ್ಟು ನೇರ ಆಗುತ್ತೆ. ನಾವು ಹೋದಾಗ ಮಧ್ಯಾಹ್ನ, ಬೆಳಕು ಚಪ್ಪಟೆ, ಕೆತ್ತಿದ್ದು ಯಾವುದು ಬಣ್ಣ ಬಳಿದಿದ್ದು ಯಾವುದು ಗೊತ್ತಾಗ್ತಿರ್ಲಿಲ್ಲ. ಮರುದಿನ ಬೆಳಗ್ಗೆ ಒಂಬತ್ತು ದಾಟಿದ ಮೇಲೆ ಮತ್ತೆ ಹೋದೆ, ಬಿಸಿಲು ಕೆಳಗಿನಿಂದ ಓರೆಯಾಗಿ ಗೋಡೆ ಸವರ್ಕೊಂಡು ಬರ್ತಿತ್ತು, ಒಂದೊಂದು ಚಿಹ್ನೆಗೂ ಬೆರಳಗಲ ನೆರಳು. ಪಿಟೀಲುಗಳ ಕೆಳಗೆ ಒಂದು ಪಾರಿವಾಳ ಬಂದು ಕೂತ್ಕೊಂಡು ಹತ್ತು ನಿಮಿಷ ಕದಲಲಿಲ್ಲ, ಅದು ಇರೋ ಫೋಟೋನೇ ಇಟ್ಕೊಂಡಿದೀನಿ.

ಅಕ್ಕ ಅವತ್ತು ಬರ್ಲಿಲ್ಲ, ರೂಮಿನ ಕಿಟಕೀಲಿ ಕಾಫಿ ಹಿಡ್ಕೊಂಡು ಕೂತಿದ್ಲು. ನಾನು ವಾಪಸ್ ಬಂದು ನೂರಾ ಮೂವತ್ತು ಫೋಟೋ ತೋರಿಸಿದೆ, ಅವಳು ಒಂದೊಂದೇ ನೋಡಿ "ಇದು ನಾನು ತೋರಿಸಿದ್ದು, ಇದೂ ನಾನು ತೋರಿಸಿದ್ದು" ಅಂತಾನೇ ಹೋದ್ಲು.

ಹೊರಡೋ ದಿನ ಬೆಳಗಿನ ಜಾವ ಐದಕ್ಕೆ ಬೀದೀಲಿ ಒಬ್ರೂ ಇರ್ಲಿಲ್ಲ, ಕಲ್ಲೆಲ್ಲಾ ಒದ್ದೆ, ದೀಪದ ಬೆಳಕು ಒಂದೊಂದು ಬೆಕ್ಕಿನ ತಲೆ ಮೇಲೂ ಹೊಳೀತಾ ಇತ್ತು. ಮೂರು ದಿನ ಕಾದಿದ್ದ ಫೋಟೋ ಎದುರಿಗೇ ಇದೆ. ಕ್ಯಾಮೆರಾ ಕುತ್ತಿಗೇಲಿ, ಎರಡೂ ಕೈಲಿ ಮೂರು ಚಕ್ರದ ಸೂಟ್‌ಕೇಸು, ಟ್ರ್ಯಾಮಿಗೆ ನಾಲ್ಕು ನಿಮಿಷ. "ಅಕ್ಕಾ, ಒಂದೇ ಒಂದು ಸೆಕೆಂಡ್ ಇದನ್ನ ಹಿಡ್ಕೋ" ಅಂದೆ.

"ನಡಿಯೋ ಸುಮ್ನೆ" ಅಂದ್ಲು.