ತೂತಿನೊಳಗಿನ ಧೂಳು

ಈ ವಾರ ಮಲ್ಪೆಯ ಸೈಟಿನಲ್ಲಿ ಕೇಳಿದ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಐಸ್ ಪ್ಲಾಂಟೊಂದರ ಹಳೇ ಕಾಂಕ್ರೀಟ್ ಕಟ್ಟೆಯನ್ನು ಅಗಲ ಮಾಡುತ್ತಿದ್ದೇವೆ. ಮೀನಿನ ಬಾಕ್ಸ್ ಇಳಿಸುವ ಜಾಗ, ದಿನವಿಡೀ ಉಪ್ಪುನೀರು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಅಂಚಿನ ಕಾಂಕ್ರೀಟನ್ನೇ ಒಡೆದು ಹಾಕಿತ್ತು. ಅದಕ್ಕೇ ಈ ಸಲ ತುಕ್ಕೇ ಹಿಡಿಯದ ಗ್ಲಾಸ್ ಫೈಬರ್ ಕಂಬಿ. ಹಳೇ ಕಟ್ಟೆಗೆ ತೂತು ಕೊರೆದು, ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ತುಂಬಿ, ಕಂಬಿ ಕೂರಿಸಿ, ಆಮೇಲೆ ಹೊಸ ಕಾಂಕ್ರೀಟ್.

ಡ್ರಿಲ್ ಹಿಡಿದವನು ಬಾಗಲಕೋಟೆ ಕಡೆಯ ಹುಡುಗ. ಊದಿದ, ಬ್ರಷ್ ತಿರುಗಿಸಿದ, ಮತ್ತೆ ಊದಿದ. ಬೂದಿಯಂಥ ಪುಡಿ ಹಾರಿತು. ಮತ್ತೆ ಬ್ರಷ್ ತಗೊಂಡ. ಮಾಲೀಕರಿಗೆ ತಾಳ್ಮೆ ತಪ್ಪಿತು. "ಎಂತ ಮಾರಾಯ, ತೂತಿನ ಒಳಗೆ ಯಾರು ನೋಡ್ಲಿಕ್ಕೆ ಹೋಗ್ತಾರೆ?" ಹುಡುಗ ತಲೆಯನ್ನೂ ಎತ್ತಲಿಲ್ಲ. "ಇನ್ನೂ ಧೂಳ ಬರಾಕತ್ತೈತ್ರೀ ಸರ" ಅಂದ. ಊದುತ್ತಲೇ ಇದ್ದ.

ಮಾಲೀಕರು ಕೆಟ್ಟವರಲ್ಲ. ಕೆಲಸದವರಿಗೆ ಊಟ ಹಾಕಿಸುವವರು, ಹೊಸ ಕಂಬಿಗೆ ಒಪ್ಪಿದವರೂ ಅವರೇ. ಆದರೆ ಹುಡುಗ ಹೇಳಿದ್ದೇ ಸರಿ. ಧೂಳು ಉಳಿದರೆ ಎಪಾಕ್ಸಿ ಧೂಳಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ. ಈ ಕಂಬಿಯನ್ನು ಸೈಟಿನಲ್ಲಿ ಬಗ್ಗಿಸಿ ಕೊಕ್ಕೆ ಮಾಡುವ ಹಾಗೂ ಇಲ್ಲ, ಬಾಗು ಬೇಕಿದ್ದರೆ ಫ್ಯಾಕ್ಟರಿಯಲ್ಲೇ ಆಗಬೇಕು. ತೂಕ ಕಬ್ಬಿಣದ ಕಾಲು ಭಾಗ, ಎಳೆತಕ್ಕೆ ಬಲ ಜಾಸ್ತಿ. ಆದರೆ ಮಿತಿ ಮೀರಿದರೆ ಕಬ್ಬಿಣದ ಹಾಗೆ ಮೊದಲು ಹಿಗ್ಗಿ, ಬಗ್ಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಅಂಥ ನೇರ ಕಂಬಿಯನ್ನು ಹಿಡಿದಿಡುವುದು ತೂತಿನೊಳಗಿನ ಅಂಟು ಮಾತ್ರ. ಅದನ್ನು ಯಾರೂ ನೋಡುವುದಿಲ್ಲ ಅನ್ನುವುದೇ ನನಗೆ ಭಯ.

2006ರ ಜುಲೈನಲ್ಲಿ ಬಾಸ್ಟನ್ನಿನ ಸುರಂಗ ರಸ್ತೆಯಲ್ಲಿ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬ ಹೆಂಗಸು ತೀರಿಕೊಂಡರು. ಅಲ್ಲಿದ್ದದ್ದು ಸ್ಟೀಲ್ ಬೋಲ್ಟು, ಎಡವಟ್ಟಾಗಿದ್ದು ಎಪಾಕ್ಸಿಯ ಆಯ್ಕೆಯಲ್ಲಿ. ಸದಾ ಜಗ್ಗುವ ಭಾರಕ್ಕೆ ಅದು ನಿಧಾನವಾಗಿ ಸೋತು ಬೋಲ್ಟುಗಳು ಜಾರಿ ಹೊರಬಂದಿದ್ದವು. ನಮ್ಮ ಕಟ್ಟೆ ಯಾರ ತಲೆ ಮೇಲೂ ತೂಗುತ್ತಿಲ್ಲ, ನಿಜ. ಆದರೆ ಅಲ್ಲಿ ದಿನಾ ಓಡಾಡಿದವರಿಗೂ ಮೇಲಿನ ತೂತುಗಳಲ್ಲಿ ಏನಾಗ್ತಿದೆ ಅಂತ ಗೊತ್ತಿರಲಿಲ್ಲ, ಅಲ್ವಾ?

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಸಂಜೆ. ಹುಡುಗನಿಗೆ ಕೂಲಿ ತೂತಿನ ಲೆಕ್ಕದಲ್ಲಂತೆ. ಅಂದರೆ ಅವನು ಮತ್ತೊಮ್ಮೆ ಬ್ರಷ್ ಹಾಕಿದಾಗೆಲ್ಲ ಅವನ ದುಡ್ಡೇ ಹೋಗುತ್ತಿತ್ತು. ಗಡಿಬಿಡಿಯಲ್ಲಿ ಮುಗಿಸಿದವನಿಗೆ ಲಾಭ, ನಿಗಾ ಇಟ್ಟು ಮಾಡಿದವನಿಗೆ ನಷ್ಟ. ಇಂಥ ರೇಟು ಇಟ್ಟುಕೊಂಡು ಆಮೇಲೆ "ಕೆಲಸದವರು ಸರಿಯಿಲ್ಲ" ಅಂತ ಬೈಯುತ್ತೇವೆ. ಗುತ್ತಿಗೆದಾರರಿಗೆ ಅಲ್ಲೇ ಹೇಳಿದೆ, ಈ ಕೆಲಸಕ್ಕೆ ದಿನಗೂಲಿ ಕೊಡಿ, ಕ್ಲೀನಿಂಗಿಗೆ ಬಿಲ್ಲಿನಲ್ಲಿ ಬೇರೆ ಸಾಲು ಹಾಕಿ, ನಾನು ಸಹಿ ಮಾಡ್ತೀನಿ ಅಂತ. "ನೋಡುವಾ" ಅಂದಿದ್ದಾರೆ. ಸೋಮವಾರ ಮತ್ತೆ ಕೇಳುತ್ತೇನೆ.