ಬಾಗಿಲು ಹಾಕುವ ಹಬ್ಬ

2020ರ ಸೆಪ್ಟೆಂಬರ್ 27, ಭಾನುವಾರ. ಸಂಜೆ ಆರು ಗಂಟೆ ಹೊತ್ತಿಗೆ ಎದುರು ಮನೆ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ) ಬಾಗಿಲು ತೆರೆದು, ಬಿಳಿ ಸೀರೆ ಉಟ್ಟು ಹೊಸ್ತಿಲ ಒಳಗೇ ನಿಂತು ನನ್ನನ್ನು ಕೂಗಿದರು. "ನಾಳೆ ರಾತ್ರಿವರೆಗೂ ಬಾಗಿಲು ತೆಗೆಯಲ್ಲ. ಫೋನೂ ಎತ್ತಲ್ಲ. ಮುದುಕಿ ಹೋಗಿಬಿಟ್ಟಳು ಅಂತ ಪೊಲೀಸರನ್ನ ಕರೀಬೇಡ." ಹೇಳಿ ತಾವೇ ನಕ್ಕರು. ನಾನೂ ನನ್ನ ಹೊಸ್ತಿಲ ಒಳಗೇ ನಿಂತಿದ್ದೆ. ಯಜಮಾನರಿಗೆ ಕೋವಿಡ್ ಪಾಸಿಟಿವ್ ಬಂದು ನಮ್ಮ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ನಾಲ್ಕು ದಿನ ಆಗಿತ್ತು. ಹಾಗಾಗಿ ಇಬ್ಬರೂ ನಡುವಿನ ಪ್ಯಾಸೇಜ್ ದಾಟದೆ, ಬೀದಿ ಜಗಳದ ಹಾಗೆ ಜೋರಾಗಿ ಮಾತಾಡಿದೆವು.

ನಾವಿರುವುದು ಮುಂಬಯಿ ಪಕ್ಕದ ಠಾಣೆಯಲ್ಲಿ. ಮಾವ್ಶಿ ಬೆನೆ ಇಸ್ರೇಲ್ ಯೆಹೂದಿಗಳು. ಮನೆ ಮಾತು ಅಚ್ಚ ಮರಾಠಿ, ಉಡುವುದು ಸೀರೆ, ಮೀನು ಸಾರಿಗೆ ತೆಂಗಿನ ಹಾಲು. ಮಾಂಸದ ಜೊತೆ ಹಸುವಿನ ಹಾಲು, ಮೊಸರು ಸೇರಿಸುವುದಿಲ್ಲ. ಬಾಗಿಲ ಚೌಕಟ್ಟಿನ ಬಲಗಡೆ ಓರೆಯಾಗಿ ಬಡಿದ ಒಂದು ಪುಟ್ಟ ಕೊಳವೆ ಇದೆ, ಅದರೊಳಗೆ ದೇವರ ವಾಕ್ಯ ಬರೆದ ಚರ್ಮದ ಸುರುಳಿ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ನಾವು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಹಾಗೇ.

ಅವತ್ತು ಶುರುವಾಗಿದ್ದು ಯೋಮ್ ಕಿಪ್ಪುರ್. ವರ್ಷವಿಡೀ ಮಾಡಿದ ತಪ್ಪಿಗೆ ದೇವರ ಮುಂದೆ ನಿಂತು ಕ್ಷಮೆ ಕೇಳುವ ದಿನ. ಸಂಜೆಯಿಂದ ಮರುದಿನ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆ, ಅನ್ನ ನೀರು ಎರಡೂ ಇಲ್ಲ. ನಮ್ಮ ನಿರ್ಜಲ ಏಕಾದಶಿ ಲೆಕ್ಕ. ಬೆನೆ ಇಸ್ರೇಲರಲ್ಲಿ ಇದಕ್ಕೆ ಹಳೇ ಮರಾಠಿ ಹೆಸರೊಂದಿದೆ: ದಾರ್ ಫಾಳ್ಣಿಚಾ ಸಣ್. ಬಾಗಿಲು ಹಾಕುವ ಹಬ್ಬ. ಆ ವರ್ಷ ದೇಶವೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ಆ ಹೆಸರು ಕೇಳಿ ನನಗೆ ಮೈ ಜುಮ್ಮೆಂದಿತ್ತು.

ಆ ಹೆಸರು ಬಂದ ಕತೆ ಮಾವ್ಶಿ ಬಾಯಲ್ಲೇ ಕೇಳಬೇಕು. ಎಷ್ಟೋ ಶತಮಾನಗಳ ಹಿಂದೆ ಕೊಂಕಣದ ನವಗಾಂವ್ ತೀರದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರಂತೆ. ಗ್ರಂಥ ಇಲ್ಲ, ಗುರು ಇಲ್ಲ, ಪ್ರಾರ್ಥನಾ ಮಂದಿರ ಇಲ್ಲ, ಎಲ್ಲ ಸಮುದ್ರದ ಪಾಲು. ಕಾಲ ಕಳೆದಂತೆ ಹೀಬ್ರೂ ಭಾಷೆಯೂ ಮರೆತುಹೋಯಿತು. ಉಳಿದಿದ್ದು ಶೆಮಾ ಒಂದೇ, "ಕೇಳು ಇಸ್ರಾಯೇಲೇ, ನಮ್ಮ ದೇವರು ಒಬ್ಬನೇ" ಅನ್ನುವ ಒಂದು ಸಾಲು. ಹುಟ್ಟಿದರೂ ಅದೇ, ಮದುವೆಗೂ ಅದೇ, ಸತ್ತರೂ ಅದೇ. ಗಾಣ ಹಾಕಿ ಎಣ್ಣೆ ತೆಗೆಯುವ ಕಸುಬು ಹಿಡಿದರು. ಆದರೆ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಊರವರಿಗೆ ಇದು ವಿಚಿತ್ರ ಅನ್ನಿಸಿ "ಶನಿವಾರ್ ತೇಲಿ" ಅಂತಲೇ ಕರೆದರು, ಅಂದ್ರೆ ಶನಿವಾರ ಗಾಣ ನಿಲ್ಲಿಸುವ ಗಾಣಿಗರು. ಯೋಮ್ ಕಿಪ್ಪುರ್ ದಿನ ಹೋಗುವುದಕ್ಕೆ ಮಂದಿರ ಇಲ್ಲ, ಓದುವುದಕ್ಕೆ ಪುಸ್ತಕ ಇಲ್ಲ. ಏನು ಮಾಡಬೇಕು? ಸ್ನಾನ ಮಾಡಿ, ಬಿಳಿ ಬಟ್ಟೆ ತೊಟ್ಟು, ಬಾಗಿಲು ಹಾಕಿಕೊಂಡು ಕೂತರು.

ನನಗೆ ಇದು ತುಂಬಾ ಹಿಡಿಸುತ್ತದೆ. ಮಂತ್ರ ಮರೆತರೂ ವಾರ ಮರೆಯಲಿಲ್ಲ. ನಮ್ಮಲ್ಲೂ ಅಜ್ಜಿಯರು ಸ್ತೋತ್ರದ ಅರ್ಥ ಗೊತ್ತಿಲ್ಲದೆ ಸೋಮವಾರ ಒಪ್ಪೊತ್ತು ಬಿಡುತ್ತಿರಲಿಲ್ಲ, ಅಲ್ವಾ?

ಠಾಣೆಯ ಟೆಂಭಿ ನಾಕಾದಲ್ಲಿ ಇವರದ್ದೇ ಸಿನಗಾಗ್, ಅಂದ್ರೆ ಪ್ರಾರ್ಥನಾ ಮಂದಿರ ಇದೆ, 1879ರದ್ದು. ಮಾವ್ಶಿ ಪ್ರತಿ ವರ್ಷ ಆ ದಿನ ಅಲ್ಲೇ ಇರುತ್ತಿದ್ದರು. ಆ ವರ್ಷ ಮಾರ್ಚ್‌ನಲ್ಲಿ ಬಿದ್ದ ಬೀಗ ಮಹಾರಾಷ್ಟ್ರದಲ್ಲಿ ಯಾವ ದೇವಸ್ಥಾನಕ್ಕೂ ನವೆಂಬರ್ 16ರವರೆಗೆ ತೆಗೆಯಲಿಲ್ಲ. "ಈ ಸಲ ನನ್ನ ಪಣಜಿಯ ಪಣಜಿ ಮಾಡಿದ ಹಾಗೆ ಮಾಡೋದು" ಅಂದರು. ಪಣಜಿ ಅಂದ್ರೆ ಮುತ್ತಜ್ಜಿ.

ನನ್ನ ಪಾಡು ಬೇರೆ ಇತ್ತು. ಶನಿವಾರ ಬೆಳಗ್ಗೆ ಮಂಡ್ಯದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಸೋಮವಾರ ಆಪರೇಷನ್. ನಾನು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಸಾವಿರ ಕಿಲೋಮೀಟರ್ ಆಚೆ ಕೂತಿದ್ದೆ. ಮಾವ್ಶಿ ಬಾಗಿಲು ಹಾಕುವ ಮುಂಚೆ ಕೇಳಿದರು, "ಅಮ್ಮನ ಹೆಸರೇನು?" ಹೇಳಿದೆ. "ಅವರ ಅಮ್ಮನ ಹೆಸರು?" ಒಂದು ಗಳಿಗೆ ತಬ್ಬಿಬ್ಬಾದೆ. ಅರ್ಚನೆ ಚೀಟಿಯಲ್ಲಿ ನಾವು ಗೋತ್ರ, ನಕ್ಷತ್ರ, ರಾಶಿ ಬರೆಸುತ್ತೇವೆ. ಇವರು ಕಾಯಿಲೆಯವರಿಗೆ ಪ್ರಾರ್ಥಿಸುವಾಗ ತಾಯಿಯ ಹೆಸರು ಹಿಡಿದು ಕೇಳಿಕೊಳ್ಳುತ್ತಾರಂತೆ, ಇಂಥವಳ ಮಗಳು ಇಂಥವಳು ಅಂತ. ನಾನು ನೋಡೇ ಇಲ್ಲದ ಅಜ್ಜಿ, ಎಂದೋ ಮಳವಳ್ಳಿ ಕಡೆ ತೀರಿಹೋದವಳು, ಅವಳ ಹೆಸರನ್ನ ಠಾಣೆಯ ಪ್ಯಾಸೇಜಿನಲ್ಲಿ ಕೂಗಿ ಹೇಳಿದೆ. ಮಾವ್ಶಿ ಅದನ್ನ ಎರಡು ಸಲ ಬಾಯಲ್ಲಿ ತಿರುಗಿಸಿ ಸರಿ ಮಾಡಿಕೊಂಡರು. ಆಮೇಲೆ ಚಿಲಕದ ಸದ್ದು.

ಸೋಮವಾರ ಇಡೀ ದಿನ ನಾನು ಫೋನ್ ಹಿಡಿದು ಕೂತಿದ್ದೆ. ಆ ಗೋಡೆಯಾಚೆ ಫೋನೇ ಇಲ್ಲದ ಮೌನ. ಆಗಾಗ ಸಣ್ಣ ದನಿಯಲ್ಲಿ ಓದುವುದು ಕೇಳಿಸುತ್ತಿತ್ತು. ಅವರ ಧರ್ಮಗ್ರಂಥದ ಕೀರ್ತನೆಗಳು ಅಂತ ಗೊತ್ತಿತ್ತು. ಅದರಲ್ಲಿ 121ನೆಯದನ್ನ ಅವರು ನನಗೆ ಹಿಂದೆಯೇ ಮರಾಠಿಯಲ್ಲಿ ಹೇಳಿದ್ದರು: ಬೆಟ್ಟಗಳ ಕಡೆ ಕಣ್ಣೆತ್ತಿ ನೋಡ್ತೀನಿ, ನನಗೆ ಸಹಾಯ ಎಲ್ಲಿಂದ ಬರುತ್ತೆ? ಇಸ್ರಾಯೇಲನ್ನು ಕಾಯುವವನು ತೂಕಡಿಸುವುದೂ ಇಲ್ಲ, ನಿದ್ದೆ ಮಾಡುವುದೂ ಇಲ್ಲ. ಆಪರೇಷನ್ ಥಿಯೇಟರ್ ಹೊರಗೆ ನನ್ನ ತಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ, ಪಾಪ, ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ.

ಮಾವ್ಶಿಗೆ ಸಕ್ಕರೆ ಕಾಯಿಲೆ, ಎಪ್ಪತ್ತು ದಾಟಿದೆ. ಉಪವಾಸ ಹೇಗೆ ಮಾಡಿದರು ಅಂತ ಮಂಗಳವಾರ ಕೇಳಿದೆ. "ಮಾಡಲಿಲ್ಲ" ಅಂದರು, ಒಂಚೂರೂ ನಾಚಿಕೆ ಇಲ್ಲದೆ. ಪುಟ್ಟ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪವೇ, ನಡುವೆ ಹೊತ್ತು ಬಿಟ್ಟು ಬಿಟ್ಟು ತಿಂದು, ಮಾತ್ರೆ ನುಂಗಿದ್ದರು. ಜೀವಕ್ಕೆ ಅಪಾಯ ಇದ್ದರೆ ಉಪವಾಸ ಮುರಿಯಲೇಬೇಕು, ಸಬ್ಬತ್ (ಶುಕ್ರವಾರ ಸಂಜೆ ಶುರುವಾಗುವ ಶನಿವಾರದ ವಿಶ್ರಾಂತಿ) ದಿನದ ನಿಯಮವನ್ನೂ ಮುರಿಯಬೇಕು, ಅದು ರಿಯಾಯಿತಿ ಅಲ್ಲ, ಅದೇ ಶಾಸ್ತ್ರ. ನಿಯಮ ಕೊಟ್ಟಿರುವುದು ಅದರಿಂದ ಬದುಕಲಿ ಅಂತ, ಸಾಯಲಿ ಅಂತಲ್ಲ. 1848ರಲ್ಲಿ ವಿಲ್ನಾ ಊರಲ್ಲಿ ಕಾಲರಾ ಬಂದಾಗ ಇಸ್ರಾಯೇಲ್ ಸಲಾಂತರ್ ಅನ್ನುವ ದೊಡ್ಡ ಗುರು ಈ ಸಲ ಉಪವಾಸ ಮಾಡಬೇಡಿ ಅಂತ ಊರಿಗೇ ಸಾರಿದರು. ಜನ ಹಿಂಜರಿದಾಗ ತಾವೇ ಎಲ್ಲರ ಮುಂದೆ ತಿಂದು ತೋರಿಸಿದರು ಅಂತಲೂ ಹೇಳುತ್ತಾರೆ.

ಇನ್ನೊಂದು ಸಂಗತಿ ಇದೆ, ಅದನ್ನ ನಾನು ಆಮೇಲೆ ಓದಿ ತಿಳಿದದ್ದು. 1944, ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಜರ್ಮನಿಯ ಬರ್ಗೆನ್-ಬೆಲ್ಸೆನ್ ಕ್ಯಾಂಪ್. ಪೆಸಾಖ್ ಹಬ್ಬ ಬಂತು. ಆ ದಿನಗಳಲ್ಲಿ ಹುಳಿ ಬಂದ ಹಿಟ್ಟಿನ ಬ್ರೆಡ್ ಮನೆಯಲ್ಲಿ ಒಂದು ಚೂರೂ ಇರಬಾರದು, ಮಟ್ಜಾ ಅನ್ನುವ ಹುಳಿಯಿಲ್ಲದ ರೊಟ್ಟಿಯೇ ತಿನ್ನಬೇಕು. ಕ್ಯಾಂಪಿನಲ್ಲಿ ಮಟ್ಜಾ ಎಲ್ಲಿಂದ ಬರಬೇಕು? ಸಿಗುತ್ತಿದ್ದ ಒಂದು ತುಂಡು ಬ್ರೆಡ್ ಬಿಟ್ಟರೆ ಸಾವೇ. ಅಲ್ಲಿದ್ದ ಹಾಲೆಂಡಿನ ರಬ್ಬಿಗಳು (ಯೆಹೂದಿ ಗುರುಗಳು) ಕೂತು ಒಂದು ಪ್ರಾರ್ಥನೆ ಬರೆದರು, ಆ ಬ್ರೆಡ್ ತಿನ್ನುವ ಮುಂಚೆ ಹೇಳುವುದಕ್ಕೆ. ಅದರ ಭಾವ ಹೀಗಿದೆ: ತಂದೆಯೇ, ಮಟ್ಜಾ ತಿಂದು ನಿನ್ನ ಹಬ್ಬ ಮಾಡಬೇಕು ಅನ್ನುವುದೇ ನಮ್ಮ ಆಸೆ ಅಂತ ನಿನಗೆ ಗೊತ್ತು. ಸೆರೆ ನಮ್ಮನ್ನ ತಡೆದಿದೆ, ಜೀವ ಅಪಾಯದಲ್ಲಿದೆ. ಬದುಕಿರಿ ಅನ್ನುವ ನಿನ್ನ ಆಜ್ಞೆ ನಡೆಸುವುದಕ್ಕೆ ಇದನ್ನ ತಿನ್ನುತ್ತಿದ್ದೇವೆ.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ವ್ರತ ಕೆಟ್ಟಿತು ಅಂತ ಗೋಳಾಡಲಿಲ್ಲ, ದೇವರೇ ಇಲ್ಲ ಅಂತ ಕೈ ಬಿಡಲೂ ಇಲ್ಲ. ಮುರಿಯುವುದನ್ನೇ ದೇವರ ಮುಂದೆ ಇಟ್ಟು, ಅವನಿಗೆ ಹೇಳಿ ತಿಂದರು. ಆ ಪ್ರಾರ್ಥನೆ ಹೇಳಿದವರಲ್ಲಿ ಎಷ್ಟೋ ಮಂದಿ ಅಲ್ಲೇ ತೀರಿಕೊಂಡರು. ಇದನ್ನ ಬಿಟ್ಟು "ನಂಬಿದವರನ್ನ ದೇವರು ಕೈಬಿಡಲ್ಲ" ಅಂತ ಬೆಳಗ್ಗೆ ಬೆಳಗ್ಗೆ ಹೂವಿನ ಚಿತ್ರದ ಮೇಲೆ ಬರೆದು ಕಳಿಸುವವರನ್ನ ಕಂಡರೆ ನನಗೆ ಈಗ ಸ್ವಲ್ಪ ಕಷ್ಟವೇ.

ಮಾವ್ಶಿಯೂ ಹಾಗೆಲ್ಲ ಹೇಳುವವರಲ್ಲ. 2008ರಲ್ಲಿ ಮುಂಬಯಿ ಮೇಲೆ ದಾಳಿ ಆದಾಗ ನಾವು ಈ ಮನೆಗೆ ಹೊಸಬರು. ಬುಧವಾರ ಶುರುವಾಗಿದ್ದು. ಕೊಲಾಬಾದ ನರಿಮನ್ ಹೌಸ್ ಅನ್ನುವ ಯೆಹೂದಿ ಕೇಂದ್ರದಲ್ಲಿದ್ದ ಯುವ ರಬ್ಬಿ ಗೇವ್ರಿಯೆಲ್ ಹೋಲ್ಟ್ಸ್‌ಬರ್ಗ್, ಅವರ ಹೆಂಡತಿ ರಿವ್ಕಾ ಇಬ್ಬರನ್ನೂ ಕೊಂದರು. ಎರಡು ವರ್ಷದ ಮಗುವನ್ನ ಆಯಾ ಎತ್ತಿಕೊಂಡು ಓಡಿ ಉಳಿಸಿದಳು. ಶುಕ್ರವಾರ ಸಂಜೆ ಕಮಾಂಡೋಗಳು ಇನ್ನೂ ಕಟ್ಟಡದೊಳಗೆ ಇದ್ದರು. ಇಡೀ ಬಿಲ್ಡಿಂಗ್ ಟೀವಿ ಮುಂದೆ. ನಾನು ಮಾವ್ಶಿಗೆ ಜೊತೆಯಾಗಿರೋಣ ಅಂತ ಅವರ ಮನೆಯಲ್ಲೇ ಕೂತಿದ್ದೆ. ಸೂರ್ಯ ಇಳಿಯುವ ಹೊತ್ತಿಗೆ ಅವರು ಎದ್ದು ಟೀವಿ ಆರಿಸಿದರು. ನನಗೆ ತಡೆಯಲಾಗದೆ "ಇನ್ನೂ ಮುಗಿದಿಲ್ಲ ಮಾವ್ಶಿ" ಅಂದೆ. "ಗೊತ್ತು" ಅಂದರು. ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ಕೊಬ್ಬರಿ ಎಣ್ಣೆ, ತೇಲುವ ಬತ್ತಿ. ಎರಡು ದೀಪ ಹಚ್ಚಿ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು ಮೊದಲೇ ಮಾಡಿಟ್ಟಿದ್ದರು. ಕೈ ನಡುಗುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಶುಕ್ರವಾರ ಬಂದಿತ್ತು, ದೀಪ ಹಚ್ಚಿದರು. ಅಷ್ಟೇ.

ಇನ್ನು ಹರಕೆಯ ಮಾತು. ಮುಂಬಯಿ ಲೋಕಲ್‌ನಲ್ಲಿ ಸಿಎಸ್‌ಟಿ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಆದ ಮೇಲೆ ಮೊದಲ ಸ್ಟೇಷನ್ ಮಸ್ಜಿದ್. ಎಷ್ಟೋ ವರ್ಷ ಅಲ್ಲಿ ಇಳಿದು ಗೋಡಂಬಿ ದ್ರಾಕ್ಷಿ ತಂದಿದ್ದೇನೆ, ಹೆಸರು ಯಾವುದೋ ಮಸೀದಿಯದ್ದು ಅಂದುಕೊಂಡಿದ್ದೆ. ಅಲ್ಲವಂತೆ. ಬೆನೆ ಇಸ್ರೇಲರು ತಮ್ಮ ಸಿನಗಾಗನ್ನೂ ಮಸ್ಜಿದ್ ಅಂತಲೇ ಕರೆಯುತ್ತಿದ್ದರು, ಆ ಹೆಸರು ಬಂದಿರುವುದು ಅದರಿಂದ. ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕರು. ಅಂದ್ರೆ ನಮ್ಮೂರ ಕಡೆಯೇ! ಜೀವಂತ ಮನೆ ಸೇರಿದರೆ ನಿನಗೊಂದು ಮಂದಿರ ಕಟ್ಟಿಸ್ತೀನಿ ಅಂತ ಸೆರೆಯಲ್ಲಿ ಹರಕೆ ಹೊತ್ತರು. ಟಿಪ್ಪುವಿನ ತಾಯಿ "ಕುರಾನಿನಲ್ಲಿ ಬನಿ ಇಸ್ರಾಯೀಲ್ ಅಂತ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ" ಅಂತ ಹೇಳಿ ಜೀವ ಉಳಿಸಿದರು ಅನ್ನುವುದು ಅವರ ಮನೆಗಳಲ್ಲಿ ಹೇಳುವ ಕತೆ. ಸೆರೆ ಬಿಟ್ಟು ಬಂದ ಮೇಲೆ 1796ರಲ್ಲಿ ಹರಕೆ ತೀರಿಸಿದರು, ಮುಂಬಯಿಯ ಮಾಂಡ್ವಿಯಲ್ಲಿ. ಆ ಬೀದಿಗೆ ಈಗಲೂ ಸ್ಯಾಮ್ಯುಯೆಲ್ ಸ್ಟ್ರೀಟ್ ಅಂತಲೇ ಹೆಸರು. ಜೊತೆಗಿದ್ದು ಹಿಂದಿರುಗದ ಸೈನಿಕರೂ ಹರಕೆ ಹೊತ್ತಿರಲಿಲ್ವಾ ಅಂತ ಮಾವ್ಶಿಯನ್ನ ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಬಟಾಣಿ ಸುಲಿಯುತ್ತಿದ್ದರು, ಸುಲಿದರು.

ನಮ್ಮಮ್ಮನ ದೇವರು ಗಂಜಾಂನ ನಿಮಿಷಾಂಬೆ. ಕಾವೇರಿ ದಡದಲ್ಲಿ ಕೂತು ನಿಮಿಷದಲ್ಲಿ ಕೇಳುವ ತಾಯಿ. ಅಮ್ಮ ಸ್ಟ್ರೆಚರ್ ಮೇಲೆ ಮಲಗಿಯೂ ಅವಳಿಗೆ ನಿಂಬೆಹಣ್ಣಿನ ಮಾಲೆ ಹೇಳಿಕೊಂಡಿದ್ದಳಂತೆ. ಇತ್ತ ನನಗೆ ಹೇಳದೆ ಮಾವ್ಶಿ ಅವರ ಎಲಿಯಾಹು ಪ್ರವಾದಿಗೆ ಮಲಿದಾ, ಅಂದ್ರೆ ಸಿಹಿ ಅವಲಕ್ಕಿ ಅರ್ಪಿಸುವ ಹರಕೆ ಹೊತ್ತುಬಿಟ್ಟಿದ್ದರು. ಅಮ್ಮ ವಾಕರ್ ಬಿಟ್ಟು ಕೋಲು ಹಿಡಿದು ನಡೆದ ಸುದ್ದಿ ಡಿಸೆಂಬರ್‌ನಲ್ಲಿ ಬಂದಾಗ ಈ ಗುಟ್ಟು ಹೊರಬಿತ್ತು.

2021ರ ಜನವರಿ ಕೊನೆಗೆ ಅವರ ಮನೆಯಲ್ಲಿ ಮಲಿದಾ. ಅವರ ಮನೆಯವರು ನಾಲ್ಕೈದು ಜನ, ನಾವಿಬ್ಬರು, ಎಲ್ಲರಿಗೂ ಮಾಸ್ಕ್. ದೊಡ್ಡ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಬೆಲ್ಲ, ಏಲಕ್ಕಿ, ಗೋಡಂಬಿ ಚೂರು. ಸುತ್ತ ಬಾಳೆಹಣ್ಣು, ಖರ್ಜೂರ, ಸೇಬು, ಒಂದು ಗುಲಾಬಿ. "ಎಲಿಯಾಹು ಹನಾವಿ" ಅಂತ ಹಾಡಿದರು. ಹಣ್ಣಿಗೊಂದು ಆಶೀರ್ವಚನ, ನೆಲದಲ್ಲಿ ಬೆಳೆದದ್ದಕ್ಕೆ ಒಂದು, ವಾಸನೆಗೂ ಒಂದು. ಗುಲಾಬಿ ಮೂಸುವುದಕ್ಕೆ ಎಲ್ಲರೂ ಮಾಸ್ಕ್ ಇಳಿಸಿ ಮತ್ತೆ ಏರಿಸಿದರು.

ವಿಡಿಯೋ ಕಾಲ್‌ನಲ್ಲಿ ಅಮ್ಮ ಕಣ್ಣು ಕಿರಿದು ಮಾಡಿಕೊಂಡು ತಟ್ಟೆಯನ್ನೇ ನೋಡುತ್ತಿದ್ದಳು. ಎಲ್ಲ ಮುಗಿದು ಮಾವ್ಶಿ ಕ್ಯಾಮೆರಾ ಮುಂದೆ ಬಂದು ಕೈ ಮುಗಿದರು. ಅಮ್ಮನೂ ಕೈ ಮುಗಿದಳು. ಇವರಿಗೆ ಕನ್ನಡ ಬರಲ್ಲ, ಅವಳಿಗೆ ಮರಾಠಿ ಬರಲ್ಲ.

"ಕೇಳೇ, ಅವಲಕ್ಕಿ ಗಟ್ಟಿದೋ ಪೇಪರ್ ಅವಲಕ್ಕಿಯೋ?" ಅಂದಳು ಅಮ್ಮ. "ಗಟ್ಟಿದಾದ್ರೆ ಇನ್ನೂ ಸ್ವಲ್ಪ ನೆನೀಬೇಕಿತ್ತು."